ಹಗ್ಗ ಹಿಡಿಯುವ ಕೈ

ಅಂಗಿ ಬಿಚ್ಚು ಅಂದ.

ನಲವತ್ತು ಹುಡುಗ ಹುಡುಗಿಯರ ಮುಂದೆ ಅಂದ. ಅಂದವನು ಅಚ್ಯುತನ್, ಮೀನಂಗಡಿ ಅನ್ನುವ ಊರಿನಾಚೆ ಗುಡ್ಡದ ಮೇಲಿನ ಯೂನಿವರ್ಸಿಟಿ ಕ್ರೀಡಾ ಕೇಂದ್ರದಲ್ಲಿ ಖಾಯಂ ಲೆಕ್ಚರರ್. ಅನ್ನಿಸಿಕೊಂಡವನು ಕರಿಯನ್, ಅಲ್ಲೇ ಅದೇ ಪಾಠ ಹೇಳುವ ಪಾರ್ಟ್‌ಟೈಮ್ ಮೇಷ್ಟ್ರು, ಅಲ್ಲಿಯವರ ಬಾಯಲ್ಲಿ ಮಾಷ್. ಬಯೋಮೆಕ್ಯಾನಿಕ್ಸ್ ಅಂತ ಆ ಪಾಠದ ಹೆಸರು. ಓಡುವಾಗ, ನೆಗೆಯುವಾಗ, ಎಸೆಯುವಾಗ ಮೈಯ ಯಾವ ಕೀಲು ಎಷ್ಟು ಬಾಗುತ್ತದೆ, ಎಲ್ಲಿ ಎಷ್ಟು ಭಾರ ಬೀಳುತ್ತದೆ ಅಂತ ಅಳೆಯುವ ಶಾಸ್ತ್ರ. ಅವತ್ತಿನ ಪಾಠವನ್ನು ಹಿಂದಿನ ದಿನ ಕೂತು ಬರೆದುಕೊಟ್ಟವನು ಕರಿಯನ್ನೇ. ಓದಿದವನು ಅಚ್ಯುತನ್. ಈಗ ಪಾಠ ಬರೆದವನೇ ಪಾಠದ ಬೊಂಬೆಯಾಗಿ ಬೆಂಚಿನ ಮೇಲೆ ನಿಲ್ಲಬೇಕು.

ಕರಿಯನ್ ಅಂಗಿ ಬಿಚ್ಚಿದ. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದ. ಅಚ್ಯುತನ್ ಒಬ್ಬ ಹುಡುಗನ ಕೈಗೆ ಬಿಳಿ ಗುಂಡುಗಳ ಡಬ್ಬಿ ಕೊಟ್ಟ. ಬೆಳಕು ಬಿದ್ದರೆ ಮಿನುಗುವ ಗುಂಡು, ಹಿಂದೆ ಅಂಟು. ಹುಡುಗ ಕರಿಯನ್‌ನ ಹರಡಿಗೆ, ಮೊಣಕಾಲಿಗೆ, ಸೊಂಟಕ್ಕೆ, ಭುಜಕ್ಕೆ, ಮೊಣಕೈಗೆ ಒಂದೊಂದು ಅಂಟಿಸಿದ. ಹೋದ ವಾರ ಇದೇ ಹುಡುಗ ‘ಮಾಷೆ, ಸಂಶಯ’ ಅಂತ ಎದ್ದು ನಿಂತು ಅವನಿಂದ ಉತ್ತರ ಕೇಳಿಕೊಂಡಿದ್ದ.

“ನೋಡ್ಕೊಳ್ಳಿ, ಇದು ಕಾಡಿನ ಮೈ,” ಅಂದ ಅಚ್ಯುತನ್. “ನಮ್ಮ ಹಾಗೆ ಪರೋಟ ತಿಂದು ಉಬ್ಬಿದ್ದಲ್ಲ. ಒಂದೊಂದು ಸ್ನಾಯುವನ್ನೂ ಎಣಿಸಬಹುದು. ಎಡಾ ಕರಿಯಾ, ಕೈ ಎತ್ತು.”

ಕ್ಲಾಸು ನಕ್ಕಿತು. ಕರಿಯನ್ ಕೈ ಎತ್ತಿದ. ಗಂಟೆ ಹೊಡೆದ ಮೇಲೆ ಗುಂಡುಗಳನ್ನು ತಾನೇ ಕಿತ್ತುಕೊಂಡ. ಅಂಟಿನ ಜೊತೆ ರೋಮ ಕಿತ್ತು ಬಂತು. ಒಂದೊಂದನ್ನೂ ಒರೆಸಿ, ಎಣಿಸಿ, ಡಬ್ಬಿಗೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದ. ಅದೂ ಪಾರ್ಟ್‌ಟೈಮಿನವನದೇ ಕೆಲಸ.

ಇಬ್ಬರೂ ಒಂದೇ ವರ್ಷ ಎಂ.ಪಿ.ಎಡ್ ಮುಗಿಸಿದವರು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ಕರಿಯನ್‌ನ ನೋಟ್ಸು ಓದಿ ಅಚ್ಯುತನ್ ಪಾಸಾದ. ಕರಿಯನ್ ಮೊದಲನೆಯವನಾಗಿ ಪಾಸಾದ. ಕೆಲಸ ಅಚ್ಯುತನ್‌ಗೆ ಆಯಿತು. ಅವತ್ತಿನಿಂದ ‘ಅಚ್ಯುತಾ’ ಅನ್ನುತ್ತಿದ್ದ ಬಾಯಿ ‘ಸಾರ್’ ಅನ್ನಬೇಕಾಯಿತು. ಆರು ವರ್ಷದಿಂದ ಕರಿಯನ್‌ನನ್ನು ಜೂನ್‌ನಲ್ಲಿ ತೆಗೆದುಕೊಳ್ಳುತ್ತಾರೆ, ಮಾರ್ಚ್‌ನಲ್ಲಿ ತೆಗೆದುಹಾಕುತ್ತಾರೆ. ಹಾಜರಿ ಪುಸ್ತಕದಲ್ಲಿ ಅವನಿಗೆ ಹೆಸರಿಲ್ಲ. ಸ್ಟಾಫ್ ರೂಮಿನಲ್ಲಿ ಕುರ್ಚಿಯಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಾನೆ.

ಆದರೆ ಕೆಲಸಕ್ಕೆ ಮಾತ್ರ ಅವನ ಕಣ್ಣೇ ಬೇಕು. ಓಟಗಾರರ ವಿಡಿಯೋ ತೆಗೆಯುತ್ತಾರಲ್ಲ, ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಒಂದೊಂದು ಚಿತ್ರದಲ್ಲೂ ಹದಿನೆಂಟು ಕೀಲು. ಕಂಪ್ಯೂಟರಿನ ಮುಂದೆ ಕೂತು ಒಂದೊಂದು ಕೀಲಿಗೂ ಚುಕ್ಕಿ ಇಡಬೇಕು. ಸಾವಿರ ಸಾವಿರ ಚುಕ್ಕಿ. ಸಂಜೆ ಬಸ್ಸಿನಲ್ಲಿ ಕೂತರೆ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಚುಕ್ಕಿಗಳೆಲ್ಲ ಪ್ರಬಂಧವಾಗಿ ಅಚ್ಚಾಗುತ್ತಿದ್ದವು, ಕೆಳಗೆ ಅಚ್ಯುತನ್ ಹೆಸರು.

ಕರಿಯನ್‌ಗೆ ಹೊಟ್ಟೆಕಿಚ್ಚು. ನಾನು ಯಾಕೆ ಮುಚ್ಚಿಡಲಿ? ನೋವು, ಬೇಸರ, ಸ್ವಾಭಿಮಾನ ಅಂತೆಲ್ಲ ಚಂದದ ಹೆಸರು ಹಚ್ಚುವುದು ಹೊಟ್ಟೆ ತುಂಬಿದವರ ಚಾಳಿ. ಇದು ಹೊಟ್ಟೆಕಿಚ್ಚು. ಅಚ್ಯುತನ್‌ನ ಕುರ್ಚಿ ಕಂಡರೆ, ಕುರ್ಚಿಯ ಬೆನ್ನಿಗೆ ಹಾಸಿದ ಬಿಳಿ ಟವೆಲ್ಲು ಕಂಡರೆ ಅವನ ಕರುಳು ಸುಡುತ್ತಿತ್ತು. ಯಾರೂ ಇಲ್ಲದಾಗ ಒಮ್ಮೆ ಆ ಕುರ್ಚಿಯಲ್ಲಿ ಕೂತಿದ್ದ. ಟವೆಲ್ಲಿನಿಂದ ಮುಖ ಒರೆಸಿಕೊಂಡಿದ್ದ. ಆಮೇಲೆ ಹೆದರಿ, ಮನೆಗೆ ಒಯ್ದು ತೊಳೆದು ಒಣಗಿಸಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹಾಸಿದ್ದ.

ಎರಡು ಸಾವಿರದ ಮೂರನೇ ಇಸವಿ, ಜನವರಿ ಕೊನೆ. ಅಚ್ಯುತನ್ ಅವನನ್ನು ಕರೆದು, ಅಪರೂಪಕ್ಕೆ ಕೂತ್ಕೋ ಅಂದ.

“ದಿಲ್ಲಿಯಿಂದ ಕಮಿಟಿ ಬರ್ತಿದೆ. ದೊಡ್ಡ ಪ್ರಾಜೆಕ್ಟು. ಬಂಡೆಯ ಜೇನಿಗೆ ಬಳ್ಳಿ ಏಣಿಯಲ್ಲಿ ಇಳೀತಾರಲ್ಲ ನಿಮ್ಮ ಜನ, ಅದನ್ನ ಅಳೀಬೇಕು. ಜೇನು ಬೇಡ, ಇಳಿದು ಹತ್ತಿದರೆ ಸಾಕು. ನಿನ್ನ ತಮ್ಮ ಇದಾನಲ್ಲ, ಅವನನ್ನ ಕರ್ಕೊಂಡು ಬಾ.”

“ನಾನು ಆಗಲ್ವಾ ಸಾರ್?” ಅಂದುಬಿಟ್ಟ ಕರಿಯನ್. ಯಾಕೆ ಅಂದನೋ. ಹತ್ತಡಿ ಮೇಲೇರಿದರೆ ತಲೆ ತಿರುಗುವವನು.

ಅಚ್ಯುತನ್ ನಕ್ಕ. “ನೀನಾ? ನಿಂದು ಹಾಸ್ಟೆಲ್ ಮೈ. ಕ್ಲಾಸಿಗೆ ಸಾಕು. ನನಗೆ ಅಸಲಿ ಬೇಕು.” ಆಮೇಲೆ ದನಿ ತಗ್ಗಿಸಿದ. “ಮುಂದಿನ ಸೋಮವಾರ ಇಂಟರ್‌ವ್ಯೂ ಇದೆ. ಖಾಯಂ ಪೋಸ್ಟು. ಬೋರ್ಡಿನಲ್ಲಿ ನಾನೂ ಇದೀನಿ. ಇದೊಂದು ಮಾಡಿಕೊಡು, ಆ ಪೋಸ್ಟು ನಿಂದು.”

ಕುರ್ಚಿ, ಹಾಜರಿ ಪುಸ್ತಕದಲ್ಲಿ ಹೆಸರು, ಬಿಳಿ ಟವೆಲ್ಲು. ಕರಿಯನ್ ಆಯ್ತು ಸಾರ್ ಅಂದ.

ಈ ತಮ್ಮನ ವಿಷಯ ಹೇಳಬೇಕು. ಹೆಸರು ಕಾಳನ್. ಕರಿಯನ್‌ಗಿಂತ ನಾಲ್ಕು ವರ್ಷ ಚಿಕ್ಕವನು. ಇವರದು ಜೇನು ಕೀಳುವ ಜನ, ಮನೆಯಲ್ಲಿ ಆಡುವುದು ಕನ್ನಡ. ನಕ್ಸಲರ ಕಾಲದಲ್ಲಿ, ಅವರಿಗೆ ಕಾಡಿನ ದಾರಿ ತೋರಿಸಿದ ಅಂತ ಪೊಲೀಸರು ಅಪ್ಪನ ಬೆನ್ನು ಮುರಿದಿದ್ದರು. ಬೆನ್ನು ಮುರಿದವನು ಯೋಚಿಸಿದ, ಒಬ್ಬನಾದರೂ ಓದಲಿ. ಆರು ವರ್ಷದ ಕರಿಯನ್‌ನನ್ನು ಹಾಸ್ಟೆಲಿಗೆ ಬಿಟ್ಟ. ಕಾಳನ್ ಅಪ್ಪನ ಹಿಂದೆಯೇ ಬೆಳೆದ. ಹೊಗೆ ಹಾಕುವುದು, ಏಣಿ ಹೆಣೆಯುವುದು, ಜೇನಿಗೆ ಹೇಳುವ ಹಾಡು, ಎಲ್ಲ ಅವನಿಗೆ ಬಂತು. ಸಾಯುವಾಗ ಅಪ್ಪ ಜೇನುಗತ್ತಿ ಕೊಟ್ಟದ್ದು ಕಾಳನ್‌ಗೆ. ಕರಿಯನ್‌ಗೆ, ನೀನು ಓದಿದೋನು ಕಣಪ್ಪ ಅಂದ, ಅಷ್ಟೇ. ಆ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇಂದಿಗೂ ಸಿಕ್ಕಿಕೊಂಡಿದೆ.

ಈಗ ಕಾಳನ್ ಕಾಡಿನೊಳಗೆ ಗುಡಿಸಲು ಹಾಕಿ ಕೂತಿದ್ದ. ಅವನೊಬ್ಬನೇ ಅಲ್ಲ, ನೂರಾರು ಮನೆಯವರು. ಕೊಡ್ತೀವಿ ಕೊಡ್ತೀವಿ ಅಂದ ನೆಲವನ್ನು ಸರ್ಕಾರ ಕೊಡಲಿಲ್ಲ. ಅಜ್ಜಂದಿರನ್ನು ಹೂತ ಜಾಗಕ್ಕೇ ಹೋಗಿ ಒಲೆ ಹೂಡಿದರು. ರಸ್ತೆಯಲ್ಲಿ ಸರ್ಕಾರದ ಕಾವಲು ಬಿತ್ತು. ಹೊರಗೆ ಬಂದವರನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಬಂದು ಮತ್ತೆ ಒಳಗೆ ಹೋಗಲು ಅಚ್ಯುತನ್ ತನ್ನ ಕೈಯಿಂದ ಒಂದು ಚೀಟಿ ಬರೆದುಕೊಟ್ಟ, ಯೂನಿವರ್ಸಿಟಿ ಸೀಲು ಹಾಕಿ. ಅದರಲ್ಲಿದ್ದುದು ಕಾಳನ್ ಹೆಸರು ಮಾತ್ರ.

“ಸಾರ್, ಇನ್ನೊಬ್ಬನಿಗೂ ಬೇಕು. ಕುಟ್ಟನ್ ಅಂತ, ಅವನ ಹೆಂಡತಿಯ ಅಣ್ಣ. ಮೇಲೆ ಹಗ್ಗ ಹಿಡಿಯೋದು ಅವನೇ.”

“ಹಗ್ಗ ಹಿಡಿಯೋಕೆ ಇನ್ನೊಬ್ಬ ಯಾಕೆ? ನೀನಿಲ್ವಾ? ಒಡಹುಟ್ಟಿದವನು.”

ಇಲ್ಲಿ ಕರಿಯನ್ ಬಾಯಿ ಬಿಡಬೇಕಿತ್ತು. ಅವನ ಜನದ ಕಟ್ಟಳೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಬಂಡೆಗೆ ಇಳಿಯುವವನ ಹಗ್ಗವನ್ನು ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವನು ಮುಟ್ಟಬಾರದು. ಅಪ್ಪ ಹೇಳುತ್ತಿದ್ದ, ‘ಹೆಣ್ಣು ಕೊಟ್ಟೋನು ಹಗ್ಗ ಬಿಡಕ್ಕಿಲ್ಲ, ತಂಗಿ ಮುಂಡೆಯಾಯ್ತಾಳೆ ಅಂತ ಗಟ್ಟಿ ಹಿಡೀತಾನೆ. ಒಂದೇ ಹೊಟ್ಟೇಲಿ ಹುಟ್ಟಿದೋನಿಗೆ ಕಿಚ್ಚು ಇರ್ತದೆ. ಕಿಚ್ಚಿರೋ ಕೈಗೆ ಹಗ್ಗ ಕೊಡಬೇಡಿ.’

ಕರಿಯನ್ ಬಾಯಿ ಬಿಡಲಿಲ್ಲ. ಸೋಮವಾರದ ಆಸೆ ಒಂದು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪ ಯಾವತ್ತೂ ಮುಟ್ಟಗೊಡದ ಹಗ್ಗ ಒಂದು ಸಲ ತನ್ನ ಕೈಗೆ ಬರಲಿ ಅಂತ ಅವನ ಹೊಟ್ಟೆಯೊಳಗಿನ ಆ ಹಾಳು ಬೆಂಕಿಗೆ ಬೇಕಾಗಿತ್ತು.

ಕಲ್ಲೂರಿನಲ್ಲಿ ಬಸ್ಸಿಳಿದು ನಡೆದ. ಕಾವಲಿನವನು ಯೂನಿವರ್ಸಿಟಿ ಮಾಷ್ ಅಂತ ಕೇಳಿ ದಾರಿ ಬಿಟ್ಟ. ಒಳಗೆ ಅವ್ವ ವೆಳ್ಳಚ್ಚಿ ಗುಡಿಸಲಿನ ಮುಂದೆ ಬಿದಿರು ಸೀಳುತ್ತಿದ್ದಳು. ಮಗನನ್ನು ಕಂಡದ್ದೇ ಕತ್ತಿ ಕೆಳಗಿಟ್ಟು, ಒಳಗೆ ಸುತ್ತಿಟ್ಟಿದ್ದ ಚಾಪೆ ತಂದು ಹಾಸಿದಳು. ಬಂದವರಿಗೆ ಹಾಸುವ ಚಾಪೆ. ಕಾಳನ್ ಮಣ್ಣಿನ ಮೇಲೆ ಕೂತಿದ್ದ, ಅವನ ಹೆಂಡತಿ ನೀಲಿ ಮಣ್ಣಿನ ಮೇಲೆ ಕೂತಿದ್ದಳು. ಕರಿಯನ್ ಚಾಪೆಯ ಮೇಲೆ ಕೂತ.

ಕೂತಷ್ಟು ಹೊತ್ತೂ ಜನ ಬರುತ್ತಲೇ ಇದ್ದರು. ಕಾಳಾ, ಈ ಗಳು ಎಲ್ಲಿ ನೆಡಾನ? ಕಾಳಾ, ಆನೆ ದಾರಿ ಇದೇನಾ? ಮುದುಕರೂ ಅವನನ್ನೇ ಕೇಳುತ್ತಿದ್ದರು. ಕರಿಯನ್‌ನನ್ನು ಯಾರೂ ಏನೂ ಕೇಳಲಿಲ್ಲ. ಮಾಷ್ ಬಂದವ್ರೆ ಅಂತ ದೂರದಿಂದ ಕೈ ಮುಗಿದು ಹೋದರು. ಹೊರಗೆ ಅಚ್ಯುತನ್‌ಗೆ ಕುರ್ಚಿ, ಒಳಗೆ ಕಾಳನ್‌ಗೆ ನೆಲ. ತನಗೆ ಅಲ್ಲಿ ಕಿಟಕಿಯ ಕಟ್ಟೆ, ಇಲ್ಲಿ ಚಾಪೆ. ಕರಿಯನ್‌ನ ಹೊಟ್ಟೆ ಭಗಭಗ ಉರಿಯಿತು.

ವಿಷಯ ಹೇಳಿದ. ನೀಲಿ ಕೇಳಿದವಳೇ, “ಜೇನಿಲ್ದೆ ಯಾಕೆ ಇಳೀಬೇಕು? ಮಂಗಾನಾ ಕುಣಿಯಾಕೆ?” ಅಂದಳು.

“ಸುಮ್ಕಿರು ನೀಲಿ,” ಅಂದ ಕಾಳನ್. “ಅಣ್ಣಂಗೆ ಕೆಲ್ಸ ಗಟ್ಟಿ ಆಯ್ತದಂತಲ್ಲ. ಎಷ್ಟು ವರ್ಷ ಅಂತ ಅಲೀತಾನೆ? ಬತ್ತೀನಿ ಅಣ್ಣ. ಕುಟ್ಟ ಭಾವಂಗೂ ಚೀಟಿ ಐತಲ್ಲ?”

“ಐತೆ,” ಅಂದ ಕರಿಯನ್. “ನೀನು ನನ್ ಜೊತೆ ಮುಂದೆ ಬಾ. ಭಾವನ್ನ ಹಿಂದೆ ಜೀಪಲ್ಲಿ ಕರ್ಸ್ತಾರೆ.”

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ. ಕಾಳನ್ ತಲೆ ಆಡಿಸಿದ. ಮೂರು ದಿನ ಕೂತು ಹೊಸ ಬಳ್ಳಿ ತಂದು ಏಣಿ ಹೆಣೆದ. ಒಂದೊಂದು ಗಂಟನ್ನೂ ಎರಡೆರಡು ಸಲ ಎಳೆದು ನೋಡಿದ.

ಕಲ್ಲೂರಿನಿಂದ ಕೆಲವು ಮೈಲಿ ಆಚೆ, ಕಾಡಿನ ಅಂಚಿಗೆ ಒಂದು ಜೇನುಬಂಡೆ. ಮೇಲಿನಿಂದ ಬಗ್ಗಿ ನೋಡಿದರೆ ಕೆಳಗೆ ಮರದ ತಲೆಗಳು ಮಾತ್ರ ಕಾಣುತ್ತವೆ. ಪಕ್ಕಕ್ಕೆ, ಬಂಡೆಯ ಮೈ ಕಾಣುವ ಕಡೆ, ದಿಲ್ಲಿಯ ಇಬ್ಬರು ಕೊಡೆ ಹಿಡಿಸಿಕೊಂಡು ಕೂತಿದ್ದರು. ಎದುರು ದಿಬ್ಬದಲ್ಲಿ ಎರಡು ಕ್ಯಾಮೆರಾ. ಅವುಗಳ ಕಬ್ಬಿಣದ ಕಾಲುಗಳನ್ನು, ಬ್ಯಾಟರಿಗಳನ್ನು ಹೊತ್ತು ಹತ್ತಿಸಿದವನು ಕರಿಯನ್. ಹೆಗಲು ತರಚಿ ಅಂಗಿಗೆ ರಕ್ತ ಹತ್ತಿತ್ತು.

“ಗುಂಡು ಅಂಟಿಸು,” ಅಂದ ಅಚ್ಯುತನ್.

ಕಾಳನ್ ಲಂಗೋಟಿಯಲ್ಲಿ ನಿಂತ. ಕರಿಯನ್ ಮಂಡಿಯೂರಿ ತಮ್ಮನ ಹರಡಿಗೆ ಗುಂಡು ಒತ್ತಿದ. ಮೊಣಕಾಲಿಗೆ, ಸೊಂಟಕ್ಕೆ. ಹೆಜ್ಜೇನು ಕಡಿದ ಹಳೆಯ ಕಲೆಗಳು ಕಾಲ ತುಂಬ. ಹಾಸ್ಟೆಲಿಗೆ ಹೋದ ಮೇಲೆ ಈ ಮೈಯನ್ನು ಅವನು ಮುಟ್ಟಿಯೇ ಇರಲಿಲ್ಲ. ಇದರ ಒಂದೊಂದು ಕೀಲಿನ ಹೆಸರೂ ಅವನಿಗೆ ಇಂಗ್ಲಿಷಿನಲ್ಲಿ ಗೊತ್ತು, ಯಾವುದು ಎಷ್ಟು ಭಾರ ತಾಳುತ್ತದೆ ಅಂತ ಗೊತ್ತು. ಗೊತ್ತಿದ್ದು ಏನು ಬಂತು? ಮೈ ಅವನದು.

“ಭಾವ ಎಲ್ಲಿ?” ಅಂದ ಕಾಳನ್.

“ದಾರೀಲಿ ಅವ್ನೆ.”

ಕಾಳನ್ ಏಣಿಯನ್ನು ಮರಕ್ಕೆ ಕಟ್ಟಿ ಬಂಡೆಯಿಂದ ಇಳಿಬಿಟ್ಟ. ತನ್ನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮರಕ್ಕೆ ಒಂದು ಸುತ್ತು ತಂದ. ಕೂತು ಕಾದ. ಬಿಸಿಲು ಏರಿತು. ದಿಲ್ಲಿಯವರಲ್ಲೊಬ್ಬ ಗಡಿಯಾರ ನೋಡಿಕೊಂಡ.

“ಏನು ತಡ?” ಅಂತ ಸಿಡುಕಿದ ಅಚ್ಯುತನ್. “ಒಳ್ಳೆ ಬೆಳಕು ಹೋಗ್ತಿದೆ. ಇಳಿಯೋಕೆ ಹೇಳು ನಿನ್ನ ತಮ್ಮನಿಗೆ.”

“ನಮ್ ಭಾವ ಬರ್ಬೇಕು ಸಾರೇ.”

“ಯಾವ ಭಾವನೂ ಬರಲ್ಲ. ಚೀಟಿ ಇರೋದು ಒಬ್ಬನಿಗೇ. ಹಗ್ಗ ಕರಿಯನ್ ಹಿಡೀತಾನೆ. ಸ್ವಂತ ಅಣ್ಣನಿಗಿಂತ ಬೇಕಾ ನಿನಗೆ?”

ಕಾಳನ್ ತಿರುಗಿ ಅಣ್ಣನ ಮುಖ ನೋಡಿದ. ಐತೆ ಅಂದಿದ್ದೆಯಲ್ಲ ಅಂತ ಕೇಳಲಿಲ್ಲ. ಹಗ್ಗದ ತುದಿಯನ್ನು ತಾನೇ ತಂದು ಕರಿಯನ್‌ನ ಅಂಗೈಗೆ ಇಟ್ಟು ಬೆರಳು ಮುಚ್ಚಿದ.

“ಹಿಡ್ಕೋ ಅಣ್ಣ,” ಅಂದ. ಹೋಗಿ ಬಂಡೆಯ ಅಂಚಿಗೆ ಬೆನ್ನು ಮಾಡಿ, ಒಂದು ಕಾಲು ಕೆಳಗಿಟ್ಟ.

ಹಗ್ಗ ಬಿಗಿಯಿತು. ಕರಿಯನ್‌ನ ಅಂಗೈಗೆ ತಮ್ಮನ ಭಾರ ಬಂತು. ಕಾಳನ್‌ನ ತಲೆ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ದಿಲ್ಲಿಯವರು ಎದ್ದು ನಿಂತು ಇಂಗ್ಲಿಷಿನಲ್ಲಿ ಏನು ಚಂದ, ಏನು ಚಂದ ಅನ್ನತೊಡಗಿದರು. ಕರಿಯನ್‌ನ ಮೈಗೆ ಇಷ್ಟು ವರ್ಷದಲ್ಲಿ ಯಾರೂ ಚಂದ ಅಂದಿರಲಿಲ್ಲ. ಅಪ್ಪನ ಜೇನುಗತ್ತಿ ಕಣ್ಣ ಮುಂದೆ ಬಂತು. ಅವ್ವನ ಚಾಪೆ ಬಂತು. ಎಲ್ಲರೂ ಕಾಳಾ ಕಾಳಾ ಅಂದದ್ದು ಕಿವಿಗೆ ಬಂತು. ಅಂಗೈ ಬೆವರಿತು. ಹಗ್ಗ ಒಂದು ಬೆರಳಿನಷ್ಟು ಜಾರಿತು. ಅವನು ತಡೆಯಲಿಲ್ಲ. ಇನ್ನೊಂದು ಬೆರಳಿನಷ್ಟು ಜಾರಿತು.

ಬಿಡಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ಬಿಡಬಹುದು ಅಂತ ಅನ್ನಿಸಿತು.

“ಹತ್ತು!” ಅಂತ ಕಿರುಚಿದ. “ಕಾಳಾ, ಮೇಲಕ್ಕೆ ಹತ್ತೋ! ಏಣಿ ಹಿಡ್ಕೋ, ಹಗ್ಗ ನಂಬಬೇಡ, ಹತ್ತು!”

ಮರಕ್ಕೆ ಕಾಲು ಕೊಟ್ಟು ಹಿಂದಕ್ಕೆ ಜಗ್ಗಿದ. ಅಂಗೈ ಸುಲಿದು ಹಗ್ಗ ಕೆಂಪಾಯಿತು. ಕಾಳನ್‌ನ ತಲೆ ಕಂಡಿತು, ಭುಜ ಕಂಡಿತು. ಅವನು ಬಂಡೆಯ ಮೇಲೆ ಕವುಚಿ ಬಿದ್ದ ಮೇಲೆ ಕರಿಯನ್ ಹಗ್ಗ ಕೆಳಗೆ ಹಾಕಿದ.

“ಏನಾಯ್ತೋ?” ಅಚ್ಯುತನ್ ಓಡಿ ಬಂದ. “ಅರ್ಧಕ್ಕೇ ಯಾಕೆ ಎಳೆದೆ? ಎಲ್ಲ ಹಾಳು ಮಾಡಿದೆಯಲ್ಲೋ ಬುದ್ಧಿಗೇಡಿ! ಹಿಡಿ ಹಗ್ಗ. ಇನ್ನೊಂದು ಸಲ ಇಳಿಸು.”

“ಹಿಡಿಯಲ್ಲ.”

“ಏನಂದೆ?”

“ಹಿಡಿಯಲ್ಲ ಅಂದೆ. ಈ ಕೈ ಸರಿಯಿಲ್ಲ. ಇವನ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಚಿಕ್ಕಂದಿನಿಂದ ಇದೆ. ಈಗ ಹಗ್ಗ ಜಾರಿದಾಗ ನಾನು ತಡೀಲಿಲ್ಲ. ಗೊತ್ತಾಯ್ತಾ? ತಡೀಲಿಲ್ಲ.”

ಬಿದ್ದಲ್ಲೇ ಕೂತಿದ್ದ ಕಾಳನ್ ಇದನ್ನು ಕೇಳಿಸಿಕೊಂಡ. ದಿಲ್ಲಿಯವರು ಏನು, ಏನು ಅಂತ ಕೇಳುತ್ತಿದ್ದರು. ಅಚ್ಯುತನ್ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ, “ಸೋಮವಾರ ನೆನಪಿದೆ ತಾನೆ? ಬೇಕೋ ಬೇಡವೋ ಆ ಪೋಸ್ಟು?”

ಬೇಕು. ಅವನಿಗೆ ಬೇಕೇ ಬೇಕಾಗಿತ್ತು. ಈ ಕ್ಷಣದಲ್ಲೂ ಬೇಕಾಗಿತ್ತು. ಕರಿಯನ್ ಬಗ್ಗಿ ಹಗ್ಗ ಎತ್ತಿಕೊಂಡ. ಅಚ್ಯುತನ್‌ನ ಮುಖ ಸಡಿಲವಾಯಿತು.

“ಅಂಗಿ ಬಿಚ್ಚು ಅಚ್ಯುತಾ,” ಅಂದ ಕರಿಯನ್.

“ಎಂಥಾ?”

“ಅಂಗಿ ಬಿಚ್ಚು. ಗುಂಡು ಅಂಟಿಸ್ತೀನಿ. ನೀನು ಇಳಿ. ಹಗ್ಗ ನಾನು ಹಿಡೀತೀನಿ.” ರಕ್ತ ಹತ್ತಿದ ಹಗ್ಗವನ್ನು ಅವನ ಮುಂದೆ ಚಾಚಿದ. “ಇವನ ಮೇಲಿರೋದರ ಹತ್ತು ಪಾಲು ಕಿಚ್ಚು ನಿನ್ನ ಮೇಲಿದೆ. ಒಂದು ಕೋಣೇಲಿ ಮಲಗಿದವರು ನಾವು. ಒಡಹುಟ್ಟಿದೋರ ಹಾಗೇ ಅಂತಿದ್ದೆಯಲ್ಲ? ಬಾ. ಇಳೀತೀಯಾ?”

ಅಚ್ಯುತನ್ ಬಂಡೆಯ ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ ಸರಿದ. “ಹುಚ್ಚು ಹಿಡಿದಿದೆ ಇವನಿಗೆ” ಅಂತ ದಿಲ್ಲಿಯವರಿಗೆ ಹೇಳಿದ. ಅಂಗಿಯ ಮೇಲಿನ ಗುಂಡಿಯನ್ನು ಕೈ ತಾನಾಗಿ ಹೋಗಿ ಗಟ್ಟಿ ಹಿಡಿದುಕೊಂಡಿತ್ತು.

ಜೀಪು ಇಬ್ಬರನ್ನೂ ಅಲ್ಲೇ ಬಿಟ್ಟು ಹೋಯಿತು. ಅಣ್ಣ ತಮ್ಮ ರಸ್ತೆಗಿಳಿದು ನಡೆದರು. ಕಾಳನ್ ಸುತ್ತಿದ ಏಣಿಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ, ಕರಿಯನ್ ಹಿಂದೆ. ಸುಲಿದ ಅಂಗೈಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದ. ತಮ್ಮನ ಮೈಮೇಲೆ ಬಿಳಿ ಗುಂಡುಗಳು ಹಾಗೇ ಮಿನುಗುತ್ತಿದ್ದವು.

“ನಿಲ್ಲೋ, ಕಿತ್ತು ಹಾಕ್ತೀನಿ,” ಅಂದ ಕರಿಯನ್. ಕಾಳನ್ ನಿಂತ. ಕರಿಯನ್ ಉಗುರಿನಿಂದ ಒಂದೊಂದನ್ನೇ ಬಿಡಿಸಿ ರಸ್ತೆಯ ಚರಂಡಿಗೆ ಎಸೆದ. ಎಣಿಸಲಿಲ್ಲ.

“ಸುಳ್ಳು ಅಂತ ನಂಗೆ ಗುಡಿಸ್ಲಲ್ಲೇ ಗೊತ್ತಿತ್ತು,” ಅಂದ ಕಾಳನ್. “ಭಾವಂಗೂ ಚೀಟಿ ಐತೆ ಅಂದೋನು ಭಾವನ ಕಡೆ ತಿರುಗೂ ನೋಡ್ನಿಲ್ಲ ನೀನು.”

“ಗೊತ್ತಿದ್ದೂ ಇಳಿದೆಯಾ?”

“ನೀನು ಹಿಡಿದಿದ್ಯಲ್ಲ.”

ಅಷ್ಟು ಹೇಳಿ ಮುಂದೆ ನಡೆದ. ಕರಿಯನ್ ರಸ್ತೆಯ ನಡುವೆ ನಿಂತುಬಿಟ್ಟ. ಥೂ, ಇದಕ್ಕೂ ಅವನ ಹೊಟ್ಟೆ ಉರಿಯಿತು. ಹಾಗೆ ನಂಬಲು ಬೇಕಾದ ಎದೆಯನ್ನೂ ಇವನಿಗೇ ಕೊಟ್ಟು ಹೋದನಲ್ಲ ಅಪ್ಪ ಅಂತ ಉರಿಯಿತು. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು ಸುರಿಯಿತು. ಕಂಪ್ಯೂಟರಿನ ನೀರಲ್ಲ ಅದು.

ಕಾವಲಿನವನು ಚೀಟಿ ನೋಡಿ ಕಾಳನ್‌ನನ್ನು ಬಿಟ್ಟ. ಕರಿಯನ್‌ಗೆ ಅಡ್ಡ ಬಂದು, “ಮಾಷೆ, ನೀವ್ಯಾಕೆ? ಇವತ್ತಿನಿಂದ ಒಳಗೆ ಹೋದೋರ ಹೆಸರೆಲ್ಲ ಬರ್ಕೋತಿದ್ದಾರೆ. ನಿಮ್ಮ ಕಾಲೇಜು ಕೆಲಸ ಹೋಗ್ತದೆ,” ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ.

“ಬರ್ಕೋ,” ಅಂದ ಕರಿಯನ್. ಆರು ವರ್ಷದಲ್ಲಿ ಅವನ ಹೆಸರು ಮೊದಲ ಸಲ ಒಂದು ಪುಸ್ತಕಕ್ಕೆ ಏರಿತು.

ಸುದ್ದಿ ಕೇಳಿದ ಕುಟ್ಟನ್ ಎದ್ದು ಬಂದು ಕರಿಯನ್‌ನ ಎದೆಗೆ ಗುದ್ದಿದ. “ನನ್ ತಂಗಿ ಕುಂಕುಮ ಅಳಿಸಾಕೆ ಹೊಂಟಿದ್ಯಾ ಮಾಷೇ?” ಅಂದ. ನೀಲಿ ಬಿಡಿಸಲಿಲ್ಲ. ಕಾಳನ್‌ನೂ ಬಿಡಿಸಲಿಲ್ಲ. ಕರಿಯನ್ ಏಟು ತಿಂದ. ತಿನ್ನಬೇಕಾದದ್ದೇ ಅದು.

ಅವ್ವ ಬಿದಿರಿನ ರಾಶಿಯ ಮುಂದೆ ಕೂತಿದ್ದಳು. ಮಗನ ಅಂಗೈಯ ರಕ್ತ ನೋಡಿದಳು. ಒಳಗೆ ಹೋಗಲಿಲ್ಲ, ಚಾಪೆ ತರಲಿಲ್ಲ. ಕತ್ತಿಯನ್ನು ಅವನ ಕಡೆ ನೂಕಿದಳು.

“ಕೂತ್ಕೊಂಡು ಸೀಳು,” ಅಂದಳು. “ಇನ್ನೂ ನಾಕು ಗೋಡೆ ಆಗ್ಬೇಕು.”

ಕರಿಯನ್ ಮಣ್ಣಿನ ಮೇಲೆ ಕೂತ. ಎದುರಿಗೆ ಕಾಳನ್ ಕೂತು ಒಂದೇ ಏಟಿಗೆ ಬಿದಿರನ್ನು ತುದಿಯಿಂದ ಬುಡದವರೆಗೆ ನೆಟ್ಟಗೆ ಸೀಳಿದ. ಕರಿಯನ್‌ನ ಬಿದಿರು ನಡುವೆ ವಾಲಿ ಮುರಿಯಿತು. ಇನ್ನೊಂದು ತೆಗೆದುಕೊಂಡ, ಅದೂ ವಾಲಿತು. ತಮ್ಮನ ಕೈ ನೋಡಿದ, ಹೊಟ್ಟೆ ಉರಿಯಿತು. ಮೂರನೆಯದನ್ನು ತೆಗೆದುಕೊಂಡ.